ಎರಡನೆಯ ಕೂಗಿಗೆ ಓ ಎಂದವಳು

ಪಣಜಿಯ ಆ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ ದಿನ ಹುಲಿಗೆಮ್ಮನಿಗೆ ಎರಡು ಜೊತೆ ಸಮವಸ್ತ್ರ, ಒಂದು ಪೊರಕೆ ಮತ್ತು ಸತ್ತವಳೊಬ್ಬಳ ಹೆಸರು ಸಿಕ್ಕಿದವು. ಮೊದಲಿನವೆರಡು ಹೊಸವು.

ಹೆಸರು ಕೊಟ್ಟವನು ದಿಗಂಬರ. ಕಾರವಾರದವನು, ಕೋಣೆಗಳ ಸ್ವಚ್ಛತೆ ನೋಡಿಕೊಳ್ಳುವ ಸೂಪರ್‌ವೈಸರ್. ಸೊಂಟದಲ್ಲಿ ವಾಕಿಟಾಕಿ ಇದ್ದರೂ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿಯೇ ಕರೆಯುತ್ತಿದ್ದ. ವಾಕಿಟಾಕಿ ಗೌರವಕ್ಕೆ, ಗಂಟಲು ಕೆಲಸಕ್ಕೆ. ಹುಲಿಗೆಮ್ಮ ಎಂಬುದು ಗೆಸ್ಟುಗಳ ನಾಲಗೆಯಲ್ಲಿ ಹೊರಳುವುದಿಲ್ಲ, ಅದರಲ್ಲಿ ಹುಲಿ ಬೇರೆ ಇದೆ ಎಂದು ತೀರ್ಮಾನಿಸಿ, ಡ್ರಾಯರಿನಲ್ಲಿ ಬಿದ್ದಿದ್ದ 'ಅಶ್ವಿನಿ' ಎಂಬ ಬ್ಯಾಜನ್ನು ಹಚ್ಚಿಕೊಳ್ಳಲು ಹೇಳಿದ. ನಿನ್ನದು ಬರುವವರೆಗೆ ಮಾತ್ರ ಎಂದೂ ಸೇರಿಸಿದ. ಅದು ಬರುವ ಲಕ್ಷಣವಿರಲಿಲ್ಲ.

ಹುಲಿಗೆಮ್ಮ ಬೇಸರಪಡಲಿಲ್ಲ. ವಿಜಯಪುರದ ಕಡೆಯಿಂದ ಬಂದು, ಗೋವೆಯ ಕೆಪೆ, ಪಣಜಿ ಎಂದು ಕಟ್ಟಡ ಎದ್ದಲ್ಲೆಲ್ಲ ಗಂಡ ಲಕ್ಷ್ಮಪ್ಪನ ಜೊತೆ ಬುಟ್ಟಿ ಹೊತ್ತವಳು. ಅಲ್ಲಿ ಅವಳ ಹೆಸರು 'ಏಯ್'. ಮೇಸ್ತ್ರಿಗೆ ಸಿಟ್ಟು ಬಂದರೆ 'ಘಾಟಿ' – ಘಟ್ಟದಾಚೆಯಿಂದ ಬಂದವರಿಗೆಲ್ಲ ಗೋವೆಯಲ್ಲಿ ಒಟ್ಟಾಗಿ ಇಟ್ಟ ಅಡ್ಡಹೆಸರು. ಲಕ್ಷ್ಮಪ್ಪ ಕಟ್ಟಡದ ಸಾರುವೆಯಿಂದ ಬಿದ್ದು ಮನೆ ಹಿಡಿದ ಮೇಲೆ ಇಬ್ಬರ ಊಟವೂ ಈ ಹೋಟೆಲಿನ ಕೆಲಸದ ಮೇಲೆ ನಿಂತಿತ್ತು. ಯಾರಾದರೂ ಹೆಸರು ಹಿಡಿದು ಕರೆದರೆ, ಅದು ಬೇರೆಯವರ ಹೆಸರಾದರೂ, ಅವಳಿಗೆ ಬಡ್ತಿಯೇ. 'ಅಶ್ವಿನೀ' ಎಂದು ಕೂಗು ಬಿದ್ದ ಕೂಡಲೇ 'ಓ' ಎನ್ನುತ್ತಿದ್ದಳು.

ಅವಳು ಓ ಎಂದಾಗಲೆಲ್ಲ ಬಟ್ಟೆ ಒಗೆಯುವ ವಿಭಾಗದ ಗಂಗೀಬಾಯಿ ಮುಖ ತಿರುಗಿಸುವುದನ್ನು ಕಂಡು, ಹುಲಿಗೆಮ್ಮ ಒಂದು ದಿನ ಕಾರಣ ಕೇಳಿದಳು. ಗಂಗೀಬಾಯಿ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಹೇಳಿದಳು. ಅಶ್ವಿನಿ ಕೆಪೆಯ ಹುಡುಗಿ, ಕೊಂಕಣಿಯವಳು, ಮೊದಲ ಮಹಡಿಯ ಕೋಣೆಗಳೆಲ್ಲ ಅವಳವೇ. ವಾರದ ರಜೆಗೆ ಊರಿಗೆ ಹೋದವಳು ಬಸ್ಸಿಳಿದು ರಸ್ತೆ ದಾಟುವಾಗ ಗಾಡಿ ಬಡಿದು ಹೋಗಿಬಿಟ್ಟಳು. ಮರುದಿನ ಹೋಟೆಲಿನಲ್ಲಿ ಮದುವೆಯ ಗಲಾಟೆ. ಯಾರಿಗೂ ಅಳಲು ಪುರಸೊತ್ತಾಗಲಿಲ್ಲ.

ಸತ್ತವರನ್ನು ಕರೆದ ಕೂಗಿಗೆ ಬದುಕಿದವರು ಓ ಎನ್ನಬಾರದೆಂದು ಹುಲಿಗೆಮ್ಮನ ಅಜ್ಜಿ ಹೇಳುತ್ತಿದ್ದಳು. ಹೆದರಿ ಬ್ಯಾಜು ವಾಪಸು ಕೊಡಲು ಹೋದಳು. ಬ್ಯಾಜಿಲ್ಲದವರು ಸ್ಟಾಫೇ ಅಲ್ಲ ಎಂದು ದಿಗಂಬರ ನಿಯಮ ಹೇಳಿದ. ಹೆಸರು ಬಿಟ್ಟರೆ ಕೆಲಸ ಹೋಗುತ್ತದೆ, ಇಟ್ಟುಕೊಂಡರೆ ಅಶ್ವಿನಿಯ ಋಣ ಹತ್ತುತ್ತದೆ. ರಾತ್ರಿಯೆಲ್ಲ ಹೊರಳಾಡಿ ಹುಲಿಗೆಮ್ಮ ತಾನೇ ಒಂದು ದಾರಿ ಮಾಡಿಕೊಂಡಳು. ಮರುದಿನದಿಂದ ಮೊದಲ ಕೂಗಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಎರಡನೆಯದಕ್ಕೆ ಓ.

ನಡುವಿನ ಆ ಹೊತ್ತು ದೊಡ್ಡದಲ್ಲ. ಆದರೂ ಅದು ತುಂಬಿಕೊಂಡಿರುತ್ತಿತ್ತು. ಹೋಟೆಲಾಗಿದ್ದ ಆ ಹಳೆಯ ಬಂಗಲೆಯ ಉದ್ದನೆಯ ಪಡಸಾಲೆಯಲ್ಲಿ ಯಾರೋ ಹಾದುಹೋದ ಮೇಲೆ ಗಾಳಿ ಸರಿದು ಮತ್ತೆ ಕೂಡಿಕೊಂಡ ಹಾಗೆ. ದೊಡ್ಡ ಮಂಚದ ಚಾದರ ಮಡಿಸಲು ಇಬ್ಬರು ಬೇಕು. ಒಬ್ಬಳೇ ಇದ್ದಾಗ ಹುಲಿಗೆಮ್ಮ ಒಂದು ತುದಿಯನ್ನು ಗದ್ದದಡಿ ಒತ್ತಿಹಿಡಿದು ಹೇಗೋ ಮಡಿಸುತ್ತಿದ್ದಳು. ಕೆಲವು ದಿನ ಆಚೆಯ ತುದಿ ನೆಲ ಮುಟ್ಟುತ್ತಲೇ ಇರಲಿಲ್ಲ. ಅವಳು ಕಣ್ಣೆತ್ತಿ ನೋಡುತ್ತಿರಲಿಲ್ಲ. ನೆರವಿಗೆ ಬಂದವರನ್ನು ದಿಟ್ಟಿಸಿದರೆ ಸಂಕೋಚಪಟ್ಟಾರು ಎಂದು.

ಎರಡೆರಡು ಸಲ ಕೂಗಿ ಗಂಟಲು ಕೆಟ್ಟ ದಿಗಂಬರ ಸುಮೇಧಾ ಮೇಡಂಗೆ ದೂರು ಕೊಟ್ಟ. ಸುಮೇಧಾ ಬೆಳಗಾವಿಯವಳು, ಸಿಬ್ಬಂದಿ ವಿಭಾಗದ ಮುಖ್ಯಸ್ಥೆ. ಮುಂಬೈಯಲ್ಲಿ ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ತರಬೇತಿ ಮುಗಿಸಿ ಬಂದು, 'ಇಲ್ಲಿ ಎಲ್ಲರಿಗೂ ಜಾಗವಿದೆ' ಎಂದು ಹೊರಬಾಗಿಲಿನಲ್ಲಿ ಫಲಕ ಹಾಕಿಸಿದ್ದಳು. ಆ ಬಾಗಿಲಲ್ಲಿ ಸಿಬ್ಬಂದಿಗೆ ಪ್ರವೇಶವಿರಲಿಲ್ಲ. ದೂರು ಕೇಳಿ ಅವಳಿಗೆ ಸಿಟ್ಟು ಬರಲಿಲ್ಲ, ಹಿಗ್ಗಾಯಿತು. ಫಲಕದ ಮಾತಿಗೆ ಸಾಕ್ಷಿಯಾಗಿ ಕಿವಿ ಕೇಳದವರೊಬ್ಬರು ಹೋಟೆಲಿಗೆ ಬೇಕಾಗಿದ್ದರು, ಒಳಗೇ ಸಿಕ್ಕಿದ್ದರು. ಕೂಡಲೇ ಹುಲಿಗೆಮ್ಮನನ್ನು ಕಿವಿಯ ಡಾಕ್ಟರರ ಬಳಿ ಕಳಿಸಿದಳು. ಕಿವಿಗಳು ಅತ್ಯುತ್ತಮವಾಗಿವೆ ಎಂದು ತಿಳಿದಾಗ ಮೇಡಂ ಮುಖ ಬಾಡಿತು. ಕಿವುಡಲ್ಲದಿದ್ದರೆ ಇದು ಸೊಕ್ಕು. ಸೊಕ್ಕಿಗೆ ತರಬೇತಿಯಲ್ಲಿ ಜಾಗವಿರಲಿಲ್ಲ. ನಾಳೆಯಿಂದ ಬರಬೇಡ ಎನ್ನಲು ಕರೆಸಿದಳು.

ಮೇಡಂ ಸಿಬ್ಬಂದಿಯೊಡನೆ ಹಿಂದಿ, ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆಯಲ್ಲಿ ಮಾತಾಡುತ್ತಿರಲಿಲ್ಲ. ಕೆಲಸ ಬಿಡುವ ಮೊದಲು ಕಾರಣವನ್ನಾದರೂ ಹೇಳು ಎಂದು ಹಿಂದಿಯಲ್ಲೇ ಕೇಳಿದಳು. ಹುಲಿಗೆಮ್ಮನಿಗೆ ಅಷ್ಟು ದೊಡ್ಡ ಮಾತಿಗೆ ಹಿಂದಿ ಸಾಲಲಿಲ್ಲ.

"ಮೊದಲ್ನೇ ಕೂಗು ಆಕೀದ್ರಿ ಮೇಡಮ್ಮಾರ. ಎರಡನೇದು ನಂದು."

"ಯಾರದು? ಏನ್ ಹೇಳ್ಲಿಕತ್ತೀ ನೀ?" ಬೆಳಗಾವಿ ತಾನಾಗಿ ಬಾಯಿಗೆ ಬಂದಿತ್ತು.

"ಅಶ್ವಿನೀದ್ರಿ. ಸತ್ತಾಕೀದು. ನೀವು ಆಕೀನ್ನ ಇನ್ನೂ ಬಿಟ್ಟಿಲ್ಲಲ್ರಿ, ದಿನಾ ಕರೀತೀರಿ. ಕರದ ಮ್ಯಾಲ ಆಕೀ ಬರಬೇಕೋ ಬ್ಯಾಡೋ? ಅದಕ್ಕ ಒಂದೀಟು ಜಾಗಾ ಬಿಡ್ತೇನ್ರಿ."

ಸುಮೇಧಾ ನಗಲು ಬಾಯಿ ತೆರೆದವಳು ಬ್ಯಾಜಿನ ಮೇಲಿನ ಹೆಸರನ್ನು ಓದಿದಳು. ತಾನು ಸೇರುವ ಮೊದಲೇ ಸತ್ತಿದ್ದ ಹುಡುಗಿಯ ಹೆಸರನ್ನು ತಾನೂ ದಿನವೂ ಕೂಗಿದ್ದಳು. ಕೊನೆಗೆ, ಹೋಗಿ ಕೆಲಸ ನೋಡು ಎಂದಳು. ವಾರದೊಳಗೆ ಬ್ಯಾಜು ಬಂತು: ಹುಲಿಗೆಮ್ಮ, ಒಂದಕ್ಷರವೂ ಮೊಟಕಾಗದೆ. ಕೇಕು ಕತ್ತರಿಸಿ ಫೋಟೋ ತೆಗೆದರು. ದಿಗಂಬರ ಹುಲಿಯನ್ನು ನುಂಗಿಕೊಂಡು ಚಪ್ಪಾಳೆ ತಟ್ಟಿದ.

ಆಮೇಲೆ ಹುಲಿಗೆಮ್ಮ ಮೊದಲ ಕೂಗಿಗೇ ಓ ಎನ್ನುತ್ತಿದ್ದಳು. ಕೆಲಸ ಉಳಿಯಿತು, ಹೆಸರು ಬಂತು. ಆದರೆ ಮೊದಲ ಮಹಡಿ ಮೂಕವಾಯಿತು. ಹೊಸಬಳಿಗೆ ಜಾಗ ಮಾಡುವಾಗ ಹಳಬಳನ್ನು ಪೂರ್ತಿ ಹೊರಗೆ ಹಾಕಿದ್ದಾರೆ ಅನ್ನಿಸಿ ಅವಳಿಗೆ ಪಡಸಾಲೆಯಲ್ಲಿ ನಡೆಯಲೂ ಕಸಿವಿಸಿಯಾಗುತ್ತಿತ್ತು.

ಒಂದು ಮಧ್ಯಾಹ್ನ ದಿಗಂಬರ ರೂಢಿಯಂತೆ ಬಾಯಿತಪ್ಪಿ "ಅಶ್ವಿನೀ" ಎಂದು ಕೂಗಿದ. ಮೇಲಿನಿಂದ ಥಟ್ಟನೆ "ಯೆತಾಂ" ಎಂದು ಕೇಳಿಸಿತು. ಬಂದೆ ಎಂದು, ಕೊಂಕಣಿಯಲ್ಲಿ. ತನ್ನ ಕೈಕೆಳಗೆ ಹುಲಿಗೆಮ್ಮ ಇಲ್ಲಿನ ಭಾಷೆಯನ್ನೂ ಕಲಿತಳೆಂದು ದಿಗಂಬರ ಉಬ್ಬಿ ಕಾದ. ಯಾರೂ ಇಳಿದು ಬರಲಿಲ್ಲ. ಹುಡುಕುತ್ತ ಹೋದರೆ ಹುಲಿಗೆಮ್ಮ ಹಿತ್ತಲಲ್ಲಿ ಟವೆಲ್ಲು ಒಣಹಾಕುತ್ತಿದ್ದಳು. ಅಶ್ವಿನಿ ಎಂದು ಕರೆದರೆ ಮೇಲಿನಿಂದ ಯೆತಾಂ ಅಂದೆ, ಇಲ್ಲಿ ಹೇಗೆ ಬಂದೆ ಎಂದು ಕೇಳಿದ.

"ನಾ ಮುಂಜಾನಿಂದ ಮ್ಯಾಲ ಹತ್ತೇ ಇಲ್ರಿ ಸಾಹೇಬ್ರ," ಎಂದಳು. ಅವನ ಬಣ್ಣಗೆಟ್ಟ ಮುಖ ನೋಡಿ ಸಮಾಧಾನದ ದನಿಯಲ್ಲಿ, "ಆಕೀ ಓ ಅಂದಳಲ್ಲ, ಚಲೋ ಆತು ಬಿಡ್ರಿ. ಕರಿಯಾವ್ರ ಇಲ್ಲಂತ ಎಲ್ಲೆ ಹೋಗ್ಯಾಳೋ ಅಂತ ನನಗ ಭಾಳ ಚಿಂತಿ ಆಗಿತ್ತು," ಎಂದಳು.

ಅಂದಿನಿಂದ ದಿಗಂಬರ ಯಾರನ್ನೂ ಕೂಗುವುದಿಲ್ಲ. ಪ್ರತಿಯೊಬ್ಬರ ಹತ್ತಿರ ಹೋಗಿ, ಮುಖ ನೋಡಿ ಖಾತ್ರಿ ಮಾಡಿಕೊಂಡು, ಮೆಲ್ಲಗೆ ಮಾತಾಡುತ್ತಾನೆ. ಇದು ತನ್ನ ತರಬೇತಿಯ ಫಲವೆಂದು ಸುಮೇಧಾ ಸಭೆಗಳಲ್ಲಿ ಹೇಳುತ್ತಾಳೆ.

ಕೂಗುವ ಕೆಲಸ ಹುಲಿಗೆಮ್ಮನ ಪಾಲಿಗೆ ಬಂದಿದೆ. ಬೆಳಿಗ್ಗೆ ಮೊದಲ ಮಹಡಿ ಹತ್ತಿ, ಗೆಸ್ಟುಗಳಿಗೆ ಎಚ್ಚರವಾಗದ ಹಾಗೆ, ಆ ಹೆಸರನ್ನು ಒಮ್ಮೆ ಕರೆಯುತ್ತಾಳೆ. ಆಮೇಲೆ ಬಾಗಿಲ ಪಕ್ಕಕ್ಕೆ ಸರಿದು, ಒಬ್ಬರು ಹಾಯುವಷ್ಟು ದಾರಿ ಬಿಟ್ಟು ನಿಲ್ಲುತ್ತಾಳೆ.