ಹಿಮಗ್ರಹದಲ್ಲಿ ಅಣ್ಣ

ಗಂಟಲಿನ ಆಪರೇಷನ್ ಆದ ಮೇಲೆ ಅಣ್ಣ ಬೀದಿಗೆ ಇಳಿಯುವುದನ್ನೇ ಬಿಟ್ಟ. ಶಿಡ್ಲಘಟ್ಟದಲ್ಲಿ ಅವನದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕೆಲಸ. ಆದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಅವನು ಗೊತ್ತಿದ್ದದ್ದು ಪೌರಾಣಿಕ ನಾಟಕದ ರಾಜನಾಗಿ. ಮೈಕು ಕೈಕೊಟ್ಟರೂ ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೆ ಕೇಳಿಸುವ ಕಂಠ ಅವನದು. ಈಗ ಆ ಕಂಠ ಹೋಗಿ ಬರೀ ಗಾಳಿ ಉಳಿದಿತ್ತು. ಅತ್ತಿಗೆಯ ಹತ್ತಿರ ಮಾತ್ರ ಏನೋ ಪಿಸುಗುಡುತ್ತಿದ್ದ. ಯಾರಾದರೂ ನೋಡಲು ಬಂದರೆ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದ.

ನಾನು ಅವನ ತಂಗಿ, ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಮೊದಲಿನಿಂದಲೂ ಹೆಸರು. ಅವನನ್ನು ಆ ಗೋಡೆಯ ಪಕ್ಕ ನೋಡಿದಾಗಲೂ ಬಂದದ್ದು ಕೋಪವೇ. ಕೋಪದ ಅಡಿಯಲ್ಲಿ ಇದ್ದದ್ದು ಹೆದರಿಕೆ.

"ಸಾವಿರ ಜನದ ಮುಂದೆ ಗದೆ ತಿರುಗಿಸ್ದೋನು ಹಿಂಗೆ ಗೋಡೆ ನೋಡ್ಕೊಂಡು ಎಷ್ಟು ದಿನ ಇರ್ತಾನೆ ಅತ್ತಿಗೆ?" ಎಂದೆ.

"ನಂಗೇನು ಗೊತ್ತಮ್ಮ. ಅನ್ನ ಇಟ್ರೆ ಉಣ್ತಾರೆ, ಇಡದಿದ್ರೆ ಕೇಳಲ್ಲ," ಎಂದರು ಅತ್ತಿಗೆ. ಅಣ್ಣ ಮತ್ತೆ ನಾಲ್ಕು ಜನರ ಮುಂದೆ ಬಂದು ನಿಲ್ಲಬೇಕು, ಆವತ್ತಿನಿಂದ ನನಗೆ ಬೇಕಾಗಿದ್ದು ಅದೊಂದೇ.

ಭಾನುವಾರಗಳಲ್ಲಿ ಹೋಗಿ ಅವನ ಪಕ್ಕ ಕೂತು ಟೀವಿ ಹಚ್ಚುತ್ತಿದ್ದೆ. ಹಾಸ್ಯ ಹಾಕಿದರೆ ಕಣ್ಣು ಮುಚ್ಚುತ್ತಿದ್ದ. ಹಳೇ ನಾಟಕ ಹಾಕಿದರೆ ಎದ್ದೇ ಹೋಗುತ್ತಿದ್ದ. ಒಂದು ದಿನ ಬೇಜಾರಾಗಿ ನನಗಿಷ್ಟವಾದ ವೈಜ್ಞಾನಿಕ ಕಲ್ಪನೆಯ ಸಿನಿಮಾವೊಂದನ್ನು ಹಾಕಿಕೊಂಡು ಕೂತೆ. ದೂರದ ಯಾವುದೋ ಗ್ರಹ. ಬಿಳಿ ನೆಲ, ಬೂದಿ ಬಣ್ಣದ ಆಕಾಶ, ಎರಡರ ನಡುವೆ ಗೆರೆ ಕೂಡ ಇಲ್ಲ. ನಮ್ಮ ಪಂಪ್‌ಹೌಸಿನಷ್ಟು ಚಿಕ್ಕ ಸಂಶೋಧನಾ ಠಾಣೆ, ಅದರೊಳಗೊಂದು ಹಳದಿ ದೀಪ. ಅಣ್ಣ ರೆಪ್ಪೆ ಬಡಿಯದೆ ನೋಡಿದ. ಮುಗಿದ ಮೇಲೆ ಇನ್ನೊಂದು ಹಾಕು ಎಂದು ಕೈಸನ್ನೆ ಮಾಡಿದ.

ಆ ಚಳಿಗಾಲವೆಲ್ಲ ನಾವು ಹಿಮದಲ್ಲೇ ಕಳೆದೆವು. ಆ ಕಥೆಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ. ಬಾಗಿಲು ತೆರೆಯುತ್ತದೆ, ಒಬ್ಬ ಒಳಗೆ ಬಂದು ಭುಜದ ಹಿಮ ಕೊಡವಿ ಒಲೆಯ ಹತ್ತಿರ ಕೂರುತ್ತಾನೆ. ಇದೇ ಕಥೆ ಹಸಿರು ಕಾಡಿನಲ್ಲಿ ನಡೆದಿದ್ದರೆ ನಾನು ಆಕಳಿಸಿ ಎದ್ದು ಹೋಗುತ್ತಿದ್ದೆ. ಹೊರಗೆಲ್ಲ ಬೆಳ್ಳಗೆ ಬರಿದಾಗಿರುವುದರಿಂದ ಒಳಗಿನ ಒಂದು ಲೋಟ ಬಿಸಿನೀರೂ ದೊಡ್ಡ ಸಂಗತಿಯಾಗಿಬಿಡುತ್ತದೆ. ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಬಿಸಿಲಿನಲ್ಲಿ ಸುಮ್ಮನೆ ಕೂತವನನ್ನು ಏನಾಯ್ತಪ್ಪ ಎಂದು ಹತ್ತು ಜನ ಕೇಳುತ್ತಾರೆ. ಹಿಮದಲ್ಲಿ ಸುಮ್ಮನೆ ಕೂತರೆ ಚಳಿ ಎಂದುಕೊಂಡು ಬಿಡುತ್ತಾರೆ.

ನಮ್ಮ ಕಡೆ ಹಿಮ ಎಲ್ಲಿ ಬರಬೇಕು? ಮಂಜಾದರೂ ಇದೆಯಲ್ಲ ಎಂದು ಒಂದು ಬೆಳಿಗ್ಗೆ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸ್ಕಂದಗಿರಿಯ ಕಡೆ ಹೊರಟೆ. ಬೆಟ್ಟವೇ ಇರಲಿಲ್ಲ. ರಸ್ತೆ ನಮ್ಮ ಮುಂದೆ ಒಂದಿಷ್ಟು ಹುಟ್ಟಿ ಹಿಂದೆ ಅಷ್ಟೇ ಅಳಿಸಿಹೋಗುತ್ತಿತ್ತು. ದ್ರಾಕ್ಷಿ ತೋಟದ ಕಲ್ಲುಕಂಬಗಳು ಒಂದೊಂದಾಗಿ ಬಂದು ನಿಂತು ಹೋಗುತ್ತಿದ್ದವು. ನಾನು ಗಾಡಿ ಆಫ್ ಮಾಡಿದೆ. ನಾವು ಯಾವ ಊರಿನಲ್ಲಿದ್ದೇವೆ, ಯಾವ ಕಾಲದಲ್ಲಿದ್ದೇವೆ ಎನ್ನುವುದು ಸ್ವಲ್ಪ ಹೊತ್ತು ನಿಜಕ್ಕೂ ಮರೆತುಹೋಯಿತು. ಹಾಲಿನ ಕ್ಯಾನು ಹಿಡಿದ ಒಬ್ಬರು ಮಂಜಿನೊಳಗಿಂದ ಬಂದು, ತಲೆಯಾಡಿಸಿ, ಏನೂ ಕೇಳದೆ ಮಂಜಿನೊಳಗೆ ಹೋದರು. ಅಣ್ಣ ಅವರಿಗೆ ಕೈ ಎತ್ತಿದ. ಆಪರೇಷನ್ ಆದಮೇಲೆ ಅವನು ಹೊರಗಿನವರಿಗೆ ಕೈ ಎತ್ತಿದ್ದು ಅದೇ ಮೊದಲು. ನಾಟಕ ನನಗೆ ಹೊಳೆದದ್ದು ಅಲ್ಲಿ.

ಹಿಮಗ್ರಹದ ಠಾಣೆಯಲ್ಲಿ ಉಳಿದ ಕೊನೆಯ ಮನುಷ್ಯ. ಅವನಿಗೆ ಒಂದೂ ಮಾತಿಲ್ಲ, ಮಾತೆಲ್ಲ ಠಾಣೆಯ ಯಂತ್ರದ್ದು, ಅದನ್ನು ಪರದೆಯ ಮರೆಯಿಂದ ನಾನೇ ಆಡುವುದು. ಕೊನೆಯಲ್ಲಿ ಅವನು ರೇಡಿಯೊದ ಗುಂಡಿ ಒತ್ತಿ ಕಾಯುತ್ತಾನೆ, ಯಾವ ಉತ್ತರವೂ ಬರುವುದಿಲ್ಲ, ದೀಪ ಆರಿಸುತ್ತಾನೆ. ಬರೆದು ಅಣ್ಣನ ಕೈಗೆ ಕೊಟ್ಟೆ. ಓದಿದ. ಮತ್ತೆ ಓದಿದ. ಆಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸು ಎಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ. ನಾನು ಅಡುಗೆಮನೆಗೆ ಓಡಿಹೋಗಿ ಅತ್ತಿಗೆಯನ್ನು ತಬ್ಬಿಕೊಂಡೆ.

ಮೇಷ್ಟ್ರು ಚಿಂತಾಮಣಿಯವರು, ಮನೆಮಾತು ತೆಲುಗು. ಅಣ್ಣನ ಪದ್ಯಗಳಿಗೆಲ್ಲ ನುಡಿಸಿದವರು ಅವರೇ. ಹಾಳೆ ತಿರುವಿ ನೋಡಿ ಮುಖ ಕಿವಿಚಿದರು.

"ಪದ್ಯ ಇಲ್ಲ, ಹಾಡಿಲ್ಲ, ಇದೇಂ ನಾಟಕಮಮ್ಮಾ? ಉಪ್ಪಿಲ್ಲದ ಸಾರು ಕಣಮ್ಮ ಇದು."

"ಅಲ್ಲಿ ಚಳಿ ಮೇಷ್ಟ್ರೇ. ಹಾಡಕ್ಕೆ ಬಾಯಿ ತೆಗೆದ್ರೆ ನಾಲಿಗೆ ಹೆಪ್ಪುಗಟ್ಟುತ್ತೆ."

"ಹಂಗಾದ್ರೆ ನಾನ್ಯಾಕೆ? ಹಾರ್ಮೋನಿಯಂ ಮೇಲೆ ಕೂತ್ಕೊಂಡು ಕಳ್ಳೆಕಾಯಿ ತಿನ್ನಲಾ?"

ಬೈದುಕೊಂಡೇ ಕೂತರು. ಅಣ್ಣನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಳದ ಒಂದೇ ಒಂದು ಸ್ವರ ಒತ್ತಿ ಹಿಡಿದು, ತಿದಿಯನ್ನು ನಿಧಾನವಾಗಿ ಒತ್ತುತ್ತ ಬಿಡುತ್ತ ಹೋದರು. ಆ ಸ್ವರ ಏಳುತ್ತಿತ್ತು, ಸೊರಗುತ್ತಿತ್ತು, ಎಲ್ಲೋ ದೂರದ ಬಯಲಿನ ಮೇಲೆ ಗಾಳಿ ಬೀಸಿದ ಹಾಗೆ. ಬೇಸಿಗೆ ಶುರುವಾಗಿತ್ತು, ನಾವು ಕೂತಿದ್ದದ್ದು ಗೂಡು ಬೇಯಿಸುವ ಶೆಡ್ಡಿನ ಪಕ್ಕ. ಆದರೂ ನನಗೆ ಮೈ ಜುಮ್ಮೆಂದಿತು.

ಹಿಮಕ್ಕೆ ಅಣ್ಣ ನೂಲು ತೆಗೆದು ಉಳಿದ ರೇಷ್ಮೆ ಎಳೆಯನ್ನೇ ಒಂದು ಚೀಲ ತಂದ. ಅದಕ್ಕೆ ಬೆಂದ ಹುಳುವಿನ ವಾಸನೆ. ಅತ್ತಿಗೆ ಸೋಪು ಹಾಕಿ ತೊಳೆದು ಮಹಡಿಯ ಮೇಲೆ ಒಣಗಿಸಿದರು, ಹೋಗಲಿಲ್ಲ. "ಗ್ರಹ ಯಾವ್ದಾದ್ರೇನು, ವಾಸನೆ ಶಿಡ್ಲಘಟ್ಟದ್ದೇ," ಎಂದು ಮೇಷ್ಟ್ರು ನಕ್ಕರು. ನಾನು ಸಿಡಿಮಿಡಿಗೊಂಡೆನೇ ಹೊರತು ಬೇರೆ ಹಿಮ ಸಿಗಲಿಲ್ಲ.

ನಾಟಕದ ಸಂಜೆ ಊರಿನ ರಂಗಮಂದಿರದಲ್ಲಿ ಸೆಕೆಯೋ ಸೆಕೆ. ಜನ ಬಂದಿದ್ದು ಹಿಮ ನೋಡಲಿಕ್ಕಲ್ಲ, ಅಣ್ಣನನ್ನು ನೋಡಲಿಕ್ಕೆ. ಸದ್ದಾಗುತ್ತದೆ ಎಂದು ನಾನು ಫ್ಯಾನುಗಳನ್ನು ನಿಲ್ಲಿಸಿದಾಗ ಎಲ್ಲರೂ ಗೊಣಗಿದರು. ಪರದೆ ಸರಿಯಿತು. ಬಿಳಿ ನೆಲ, ಒಂದು ದೀಪ, ಬೆನ್ನು ಬಾಗಿಸಿ ಕೂತ ಅಣ್ಣ. ಮೇಷ್ಟ್ರ ಗಾಳಿ ಬೀಸತೊಡಗಿತು. ಮೊದಮೊದಲು ಬೀಡಿ ಹೊಗೆ, ಕೆಮ್ಮು, ಗುಸುಗುಸು. ಬರಬರುತ್ತ ಅದೆಲ್ಲ ನಿಂತಿತು. ಮುಂದಿನ ಸಾಲಿನ ಒಬ್ಬ ಹೆಂಗಸು ಸೆರಗನ್ನು ಎರಡೂ ಭುಜದ ಮೇಲೆ ಎಳೆದು ಹೊದ್ದುಕೊಂಡಳು. ಅದನ್ನು ನೋಡಿ ಗೆದ್ದೆ ಎಂದುಕೊಂಡೆ.

ಕೊನೆಯ ಘಟ್ಟ ಬಂತು. ಅಣ್ಣ ರೇಡಿಯೊದ ಗುಂಡಿ ಒತ್ತಿ ಕಾದ. ಉತ್ತರ ಬರಲಿಲ್ಲ. ಈಗ ದೀಪ ಆರಿಸಬೇಕು. ಆರಿಸಲಿಲ್ಲ. ಮರೆತನೇನೋ ಎಂದು ಪರದೆಯ ಮರೆಯಿಂದ ಇಣುಕಿದೆ. ಅವನು ಬಗ್ಗಿ, ರೇಡಿಯೊದ ಹತ್ತಿರ ಬಾಯಿ ತಂದ.

"ಯಾರಾದ್ರೂ ಇದ್ದೀರಾ?"

ನಾನು ಬರೆಯದ ಮಾತು ಅದು. ಅರ್ಧ ಗಾಳಿ, ಅರ್ಧ ಗೊರಗೊರ. ಅವನ ಹಳೆಯ ಕಂಠ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಅಷ್ಟು ಚಳಿಯಲ್ಲಿ ಒಬ್ಬನೇ ಉಳಿದವನ ದನಿ ಇನ್ನು ಹೇಗಿರಬೇಕು ಹೇಳಿ.

ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಪದ್ಯ ಮನಸ್ಸಿಗೆ ಹಿಡಿಸಿದರೆ ಜನ ಒನ್ಸ್ ಮೋರ್ ಎಂದು ಕೂಗುವುದುಂಟು. ಯುದ್ಧ ನಡೆಯುತ್ತಿದ್ದರೂ ಸರಿ, ರಾಜ ಅಲ್ಲೇ ನಿಂತು ಮತ್ತೊಮ್ಮೆ ಹಾಡಲೇಬೇಕು. ಆ ಕತ್ತಲಲ್ಲಿ, ಎಲ್ಲೋ ಹಿಂದಿನ ಸಾಲಿನಿಂದ, ಒಬ್ಬರು ಮೆಲ್ಲಗೆ "ಒನ್ಸ್ ಮೋರ್, ಅಣ್ಣಾ," ಎಂದರು.

ನನ್ನ ಹಿಮಗ್ರಹ ಅಲ್ಲಿಗೆ ಕೆಟ್ಟಿತು. ಕೆಟ್ಟರೆ ಕೆಡಲಿ ಎಂದು ಪರದೆ ಹಿಡಿದುಕೊಂಡು ಅತ್ತೆ. ಅಣ್ಣ ರೇಡಿಯೊ ಬಿಟ್ಟು ಎದ್ದು, ರಂಗದ ಅಂಚಿನವರೆಗೆ ನಡೆದು ಬಂದು, ಜನರ ಮುಖವನ್ನೇ ನೋಡುತ್ತ ಇನ್ನೊಮ್ಮೆ ಕೇಳಿದ.