ಬಾಗಿಲು ಮುಚ್ಚಿದ ಕೋಟೆ

ತಪ್ಪು ಹುಡುಕುವುದೇ ಕಸುಬಾದವನಿಗೆ ಸುಖ ಅಷ್ಟಕ್ಕಷ್ಟೇ. ಪ್ರೂಫ್ ಮೇಷ್ಟ್ರು ಒಂದೇ ಮುದ್ರಣಾಲಯದ ಒಂದೇ ಕಿಟಕಿಯ ಪಕ್ಕ ಮೂವತ್ತೊಂದು ವರ್ಷ ಕೂತು ಕರಡು ತಿದ್ದಿದವರು. ಯಾರಿಗೂ ಪಾಠ ಹೇಳಿದವರಲ್ಲ. ಅವರ ಕೈಯ ಕೆಂಪು ಪೆನ್ನು ನೋಡಿ ಯಂತ್ರದ ಕೆಲಸದವರು ಇಟ್ಟ ಹೆಸರು ಅದು. "ಮೊಸರಲ್ಲಿ ಕಲ್ಲು ಹುಡುಕೋದು ಬಿಡ್ರೀ" ಎಂದು ಹೆಂಡತಿ ಅಂದರೆ, "ಕಲ್ಲಿದ್ರೆ ಹುಡುಕಬಾರದಾ?" ಎನ್ನುವ ಆಸಾಮಿ.

ಆ ಪೆನ್ನಿನಿಂದ ಪಾರಾಗಿದ್ದದ್ದು ಅವರ ಸ್ವಂತ ಆಟ ಮಾತ್ರ. ಮುನ್ನೂರು ವರ್ಷ ಹಿಂದಿನ ಒಂದು ಮುತ್ತಿಗೆಯನ್ನು ಹಿಡಿದು ಹನ್ನೊಂದು ವರ್ಷ ಕೂತು ಮಾಡಿದ ಯುದ್ಧದಾಟ. ಆರುನೂರ ಹನ್ನೆರಡು ಕಾಯಿ, ಎಂಬತ್ತನಾಲ್ಕು ಪುಟ ನಿಯಮ. ಕುದುರೆಗೆ ಕೆಮ್ಮು ಬಂದರೆ ಏನು ಮಾಡಬೇಕೆನ್ನುವುದಕ್ಕೂ ಒಂದು ಪಟ್ಟಿ. ಪೂರ್ತಿ ಆಡಿದ್ದು ಒಂದೇ ಸಲ, ಅದೂ ಎರಡು ಕಡೆಗೂ ಅವರೇ. ನಲವತ್ತು ದಿನ ಊಟದ ಮೇಜು ರಣರಂಗವಾಗಿತ್ತು, ಹೆಂಡತಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡಿದ್ದಳು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಆಕೆ ಆಟಕ್ಕೆಂದು ಎದುರಿಗೆ ಕೂತದ್ದು ಒಂದು ಸಂಜೆ; ಒಂಬತ್ತನೇ ಪುಟಕ್ಕೆ ನಿದ್ದೆ ಹೋದಳು. ಊರೆಲ್ಲ ಆಡದಿದ್ದರೂ ಚಿಂತೆಯಿಲ್ಲ, ಇವಳೊಬ್ಬಳು ಎದುರಿಗೆ ಕೂರಬೇಕು ಎನ್ನುವ ಆಸೆ ಮಾತ್ರ ಅವರಿಗೆ ಹೋಗಲಿಲ್ಲ.

ಹೀಗಿರುವಾಗ ಆಕೆಯ ತಮ್ಮ ಬಂದ. ಮನೆಮನೆ ತಿರುಗಿ ಕರೆಂಟಿನ ಮೀಟರ್ ಓದುವವನು, ಸದಾ ಹಲ್ಲು ಕಿರಿಯುವವನು. ಮೇಷ್ಟ್ರ ಮುತ್ತಿಗೆಯ ಕಥೆಯನ್ನೇ ಹಿಡಿದು ಹದಿನೈದು ದಿನದಲ್ಲಿ ಒಂದು ಆಟ ಮಾಡಿದ್ದ. ಒಂದೇ ಹಾಳೆಯ ಮೇಲೆ ಒಂದು ನದಿ, ಒಂದು ಸೇತುವೆ, ಒಂದು ಕೋಟೆ, ಒಂದು ದಾಳ, ಇಪ್ಪತ್ತು ಸುತ್ತು. ನಿಯಮವೆಲ್ಲ ಹಾಳೆಯ ಹಿಂಬದಿಯಲ್ಲಿ.

"ಭಾವ, ನಿಮ್ಮಷ್ಟು ತಿಳಿದೋರು ಯಾರಿದ್ದಾರೆ? ನಿಮ್ಮ ಪ್ರೆಸ್ಸಲ್ಲೇ ಅಚ್ಚು ಹಾಕಿಸ್ತೀನಿ. ಒಂದ್ಸಲ ಕಣ್ಣಾಡಿಸಿ ಕೊಡಿ."

ಮೇಷ್ಟ್ರು ಕಣ್ಣಾಡಿಸಿದರು. ಏಳನೇ ನಿಯಮದಲ್ಲಿ ಕಲ್ಲು ಸಿಕ್ಕಿತು. ಬಾಗಿಲು ಮುಚ್ಚಿದ ಕೋಟೆಗೆ ಶತ್ರು ನುಗ್ಗುವಂತಿಲ್ಲ ಎಂದಿತ್ತು, ಆದರೆ ಬಾಗಿಲನ್ನು ಯಾವಾಗ ತೆರೆಯಲೇಬೇಕು ಎಂದು ಎಲ್ಲೂ ಇರಲಿಲ್ಲ. ಕೋಟೆಯವನು ಅಗಣಿ ಹಾಕಿ ಇಪ್ಪತ್ತು ಸುತ್ತು ಸುಮ್ಮನೆ ಕೂತರೆ ಗೆದ್ದ ಹಾಗೆ. ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಮೇಷ್ಟ್ರು ಪೆನ್ನು ಎತ್ತಿದರು, ಮತ್ತೆ ಅದರ ಮುಚ್ಚಳ ಹಾಕಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ತಪ್ಪೊಂದು ಕಣ್ಣೆದುರಿಗೆ ಇರುವಾಗಲೇ, ಕೆಳಗೆ "ಸರಿಯಿದೆ" ಎಂದು ಬರೆದು ಸಹಿ ಹಾಕಿದರು. ಆಡಲಿ, ನಗೆಪಾಟಲಾಗಲಿ.

ನಗೆಪಾಟಲಾಗಲಿಲ್ಲ. ಆಟ ಅಚ್ಚಾಗಿ ಬಂತು, ಆಡಲು ಬಂದವರೆಲ್ಲ ಐದು ನಿಮಿಷದಲ್ಲಿ ಕಲಿತರು. ಸೇತುವೆಯ ಮೇಲೆ ಹೊಡೆದಾಡುವುದರಲ್ಲೇ ಮಜಾ ಇರುವಾಗ ಒಳಗೆ ಕೂರುವ ಯೋಚನೆ ಯಾರಿಗೂ ಬರಲಿಲ್ಲ. ಬಡಾವಣೆಯ ಗ್ರಂಥಾಲಯದವರು ಹತ್ತು ಪ್ರತಿ ಒಯ್ದರು. ಅದು ಹಾಳಾಗಲಿ, ಮೇಷ್ಟ್ರ ಹೆಂಡತಿಯೇ ದಿನಾ ಸಂಜೆ ಕೆಳಗಿನ ಟೈಲರಮ್ಮನ ಅಂಗಡಿಗೆ ಹೋಗಿ, ಕತ್ತರಿಸುವ ಮೇಜಿನ ಮೇಲೆ ಹಾಳೆ ಹರಡಿ ಕೂರತೊಡಗಿದಳು. ಮೇಷ್ಟ್ರು ಬಾಗಿಲ ಬೀಗ ತಾವೇ ತೆಗೆದು, ಟೀ ತಾವೇ ಕಾಸಿಕೊಂಡು, ಕೆಳಗಿನ ನಗು ಕೇಳಬೇಕು. ಇವಳು ಇಷ್ಟು ಜೋರಾಗಿ ನಗುತ್ತಾಳೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಭಾಮೈದ ಕೊಟ್ಟುಹೋದ ಪ್ರತಿಯನ್ನು ಅವರು ಮುಟ್ಟಲೂ ಇಲ್ಲ.

ಒಂದು ಸಂಜೆ ಅಂಗಡಿ ಮುಚ್ಚಿತ್ತು. ಟೈಲರಮ್ಮ ಮಗಳ ಮನೆಗೆ ಹೋಗಿದ್ದಳು. ಮೇಷ್ಟ್ರು ಬರುವಷ್ಟರಲ್ಲಿ ಹೆಂಡತಿ ಊಟದ ಮೇಜಿನ ಮೇಲೆ ಹಾಳೆ ಹಾಸಿ, ಎರಡು ಕಡೆಗೂ ಕಾಯಿ ಜೋಡಿಸಿದ್ದಳು.

"ಬನ್ನಿ, ಇವತ್ತು ನೀವೇ. ಯಾವ ಕಡೆ ಬೇಕು ಹೇಳಿ."

ಎಷ್ಟು ವರ್ಷ ಕಾದ ಮಾತು! ಆದರೆ ಹಾಳಾದ ಹೊಟ್ಟೆಕಿಚ್ಚು ಅವರಿಗಿಂತ ಮುಂಚೆ ಬಾಯಿ ಬಿಟ್ಟಿತು. "ಕೋಟೆ" ಎಂದರು. ಬಾಗಿಲು ಮುಚ್ಚಿದರು.

ಆಕೆ ದಾಳ ಹಾಕಿ ಸೇತುವೆ ದಾಟಿದಳು. "ನಿಮ್ಮ ಸರದಿ."

"ಇಲ್ಲೇ ಇರ್ತೀನಿ."

ಮತ್ತೆ ದಾಳ. "ಈಗ?"

"ಇಲ್ಲೇ."

ಹತ್ತನೇ ಸುತ್ತಿಗೆ ಆಕೆ ದಾಳ ಕೆಳಗಿಟ್ಟಳು. "ಹೊರಗೇ ಬರಲ್ವಾ?"

"ಬರಬೇಕು ಅಂತ ನಿಯಮ ಎಲ್ಲಿದೆ? ತೋರಿಸು. ಹೀಗೇ ಕೂತ್ರೆ ನಾನೇ ಗೆದ್ದೆ. ನಿನ್ನ ತಮ್ಮನ ಆಟದಲ್ಲಿ ಇಷ್ಟು ದೊಡ್ಡ ತೂತು!"

"ಯಾವಾಗ ಗೊತ್ತಾಯ್ತು ನಿಮಗೆ?"

"ಕರಡು ಕೈಗೆ ಬಂದ ದಿನವೇ" ಎಂದರು ಮೇಷ್ಟ್ರು, ಜಂಬದಿಂದಲೇ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಹೆಂಡತಿ ಜಗಳವಾಡಲಿಲ್ಲ. ತನ್ನ ಕಾಯಿಗಳನ್ನು ಎತ್ತಿ ಡಬ್ಬಿಗೆ ಹಾಕಿ, ಹಾಳೆಯ ತನ್ನ ಕಡೆಯ ತುದಿಯನ್ನು ಮಗುಚಿ, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. "ಇದನ್ನ ಓದಿದೀರಾ?"

ಕರಡು ವಾಪಸಾದ ಮೇಲೆ ಭಾಮೈದ ತಾನಾಗಿ ಸೇರಿಸಿದ್ದ ಸಾಲು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು: "ಈ ಆಟದ ಆಸೆ ಹುಟ್ಟಿಸಿದವರು, ತಿದ್ದಿಕೊಟ್ಟವರು ನಮ್ಮ ಭಾವ. ಇನ್ನೂ ಏನಾದರೂ ತಪ್ಪಿದ್ದರೆ ಅದು ನನ್ನದು."

ಒಂದು ಅಕ್ಷರದ ತಪ್ಪೂ ಇರಲಿಲ್ಲ. ಮೇಷ್ಟ್ರು ಎರಡು ಸಲ ಓದಿದರು.

"ನಾಳೆ ಹೋಗಿ ಅವನಿಗೆ ಹೇಳ್ತೀನಿ. ಒಂದು ಸಾಲು ಸೇರಿಸಿದ್ರೆ ಸರಿಹೋಗತ್ತೆ" ಎಂದರು. "ಇನ್ನೊಂದು ಆಟ ಹಾಕೋಣ್ವಾ? ಈ ಸಲ ಬಾಗಿಲು ತೆಗೀತೀನಿ."

"ಇಷ್ಟು ವರ್ಷ ನಾನು ಕೂರಲಿಲ್ಲ ಅಂತ ಕೊರಗಿದ್ರಿ, ನಂಗೇನು ಗೊತ್ತಿರಲಿಲ್ವಾ? ಇವತ್ತು ನಾನಾಗೇ ಬಂದು ಕೂತಿದ್ದೆ" ಎಂದು ಆಕೆ ಡಬ್ಬಿಯ ಮುಚ್ಚಳ ಹಾಕಿ, ಒಲೆ ಹಚ್ಚಲು ಒಳಗೆ ಹೋದಳು.

ಮೇಷ್ಟ್ರ ಕಾಯಿಗಳು ಮಾತ್ರ ಹಾಳೆಯ ಮೇಲೇ ಉಳಿದವು.