ಬಲಗಡೆಯ ಉದ್ದ ಸರಳು

ನನಗಾದ ಅನ್ಯಾಯ ಇಷ್ಟು: ಸುಳ್ಯದ ಹಳೆ ವಾಹನಗಳ ಪ್ರದರ್ಶನ ಸಮಿತಿಗೆ ನಾನು ದಾನವಾಗಿ ಕೊಟ್ಟ ಯುದ್ಧಕಾಲದ ಮಿಲಿಟರಿ ಲಾರಿಯಿಂದ, ದರ್ಬೆಯ ಮೆಕ್ಯಾನಿಕ್ ಹಸನಬ್ಬನವರು ಮಾಡಿದ್ದ ಕನ್ನಡಿ ಹಿಡಿಯುವ ಸರಳುಗಳನ್ನು ಸಮಿತಿಯವರು ನನ್ನನ್ನು ಕೇಳದೆ ಬಿಚ್ಚಿ ತೆಗೆದರು. ದಾನಪತ್ರದ ಮೂರನೆಯ ಸಾಲಿನಲ್ಲಿ ‘ಸರಳುಗಳನ್ನು ಮುಟ್ಟತಕ್ಕದ್ದಲ್ಲ’ ಎಂದು ನಾನೇ ಬರೆದಿದ್ದೆ.

ಹಸನಬ್ಬನವರ ಅಳತೆ ಪಟ್ಟಿ ಸದಾ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕನ್ನಡಿ ಕೂರಿಸುವ ದಿನ ಅವರು ಅದನ್ನು ಮುಟ್ಟುತ್ತಿರಲಿಲ್ಲ. ಚಾಲಕನನ್ನು ಸೀಟಿನಲ್ಲಿ ಕೂರಿಸಿ, ತಾವು ಲಾರಿಯ ಹಿಂದೆ ಹೋಗಿ ನಿಂತು, “ನನ್ನ ಟೊಪ್ಪಿ ಕಾಣ್ತದಾ?” ಎಂದು ಕೇಳುತ್ತಿದ್ದರು. ಟೊಪ್ಪಿ ಕಾಣುವವರೆಗೂ ಸರಳನ್ನು ಕಾಯಿಸುವುದು, ಬಗ್ಗಿಸುವುದು, ಮತ್ತೆ ಕೂರಿಸುವುದು. ಅಮೆರಿಕದಲ್ಲಿ ತಯಾರಾದದ್ದರಿಂದ ನನ್ನ ಲಾರಿಯ ಸ್ಟಿಯರಿಂಗ್ ಎಡಗಡೆಗಿತ್ತು. ಬಲಗಡೆಯ ಕನ್ನಡಿಗೆ ಪಕ್ಕದಲ್ಲಿ ಕೂತವನ ತಲೆ ಅಡ್ಡ ಬರುತ್ತಿತ್ತು. ಆದ್ದರಿಂದ ಆ ಬದಿಯ ಸರಳನ್ನು ಅವರು ಒಂದು ಗೇಣು ಉದ್ದ ಮಾಡಿ ಮುಂದಕ್ಕೆ ಚಾಚಿಸಿದರು. ಸರಳುಗಳನ್ನು ಮುಂಗಾಜಿನ ಚೌಕಟ್ಟಿನ ಹಳೆಯ ಬೋಲ್ಟುಗಳಿಗೇ ಬಿಗಿದರು.

“ಯುದ್ಧದಲ್ಲಿ ಬೀಳದ ತೂತು ನಾನ್ಯಾಕೆ ಕೊರೆಯುದು?”

ಮೊದಲ ಸಲ ಕನ್ನಡಿ ಕೂರಿಸಿಕೊಂಡು ನನ್ನೂರು ಐವರ್ನಾಡಿಗೆ ಹೊರಟ ನನಗೆ ದಾರಿಯಲ್ಲಿ ಕನ್ನಡಿಯೊಳಗೆ ಬರೀ ಆಕಾಶ ಕಂಡಿತು. ಸಿಟ್ಟಿನಿಂದ ಹಿಂದಿರುಗಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೀವು ಇಲ್ಲಿ ಫೋಟೋಕ್ಕೆ ಕೂತ ಹಾಗೆ ಕೂತಿದ್ರಿ ಗೌಡ್ರೆ. ಊರಿನವರೆಗೂ ಹಾಗೇ ಕೂತ್ಕೊಳ್ಳುದಾ ಮಾರಾಯ್ರೆ? ಒಂದು ಸುತ್ತು ಹೋಗಿ ಬನ್ನಿ, ಬೆನ್ನು ಬಗ್ಗಲಿ.”

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಆ ನಗುವನ್ನು ನಾನು ಮರೆತಿಲ್ಲ. ಅವರು ಹೇಳಿದ್ದು ಸರಿಯಿತ್ತು ಎಂಬುದನ್ನೂ ಮರೆತಿಲ್ಲ. ಬೆನ್ನು ಬಗ್ಗಿದ ಮೇಲೆ ಕೂರಿಸಿದ ಆ ಕನ್ನಡಿಯನ್ನು ಮತ್ತೆಂದೂ ತಿರುಗಿಸಬೇಕಾಗಲಿಲ್ಲ.

ಕಡೆಯ ಭೇಟಿ ಅವರ ಮನೆಯ ಚಾವಡಿಯಲ್ಲಿ. ಹಾಸಿಗೆ ಹಿಡಿದಿದ್ದರು. ಲಾರಿಯನ್ನು ಸಮಿತಿಗೆ ಕೊಡುವ ಸುದ್ದಿ ತಿಳಿಸಿದೆ.

“ಬಲಗಡೆದು ಗಟ್ಟಿ ಉಂಟಾ?”

“ಉಂಟು.”

“ಚಂದಕ್ಕೆ ಗಿಡ್ಡ ಮಾಡ್ಲಿಕ್ಕೆ ಬರ್ತಾರೆ. ಬಿಡ್ಬೇಡಿ.”

“ಬಿಡುದಿಲ್ಲ” ಎಂದೆ. ಆ ಮೂರನೆಯ ಸಾಲನ್ನು ಬರೆದದ್ದು ಮನೆಗೆ ಬಂದ ಮೇಲೆ. ಅದೇ ತಿಂಗಳು ಅವರು ತೀರಿಕೊಂಡರು.

ಪ್ರದರ್ಶನದ ಬೆಳಿಗ್ಗೆ ನೋಡಿದರೆ ಲಾರಿಯ ಎರಡೂ ಬದಿಗೆ ಒಂದೇ ಅಳತೆಯ, ಹೊಳೆಯುವ ಹೊಸ ಸರಳುಗಳು. ಅವುಗಳ ಬುಡದಲ್ಲಿ ಹೊಸದಾಗಿ ಕೊರೆದ ನಾಲ್ಕು ತೂತುಗಳು. ಸಮಿತಿಯ ಕಾರ್ಯದರ್ಶಿ ನಗುತ್ತ ಹೇಳಿದರು: “ಎಂತ ಗೌಡ್ರೆ, ಒಂದು ಉದ್ದ ಒಂದು ಗಿಡ್ಡ, ಫೋಟೋದಲ್ಲಿ ಸೊಟ್ಟ ಕಾಣ್ತಿತ್ತು. ಹಳೆದು ಗುಜರಿಗೆ ಹೋಯ್ತು.”

ನಾನು ಚಾಲಕನ ಸೀಟಿಗೆ ಹತ್ತಿದೆ. ಕಾರ್ಯದರ್ಶಿಯವರು ಪಕ್ಕದಲ್ಲಿ ಬಂದು ಕೂತರು. ಬಲಕ್ಕೆ ನೋಡಿದೆ. ಕನ್ನಡಿ ಇರಬೇಕಾದಲ್ಲಿ ಅವರ ಕಿವಿ ಕಂಡಿತು. ಅದರಾಚೆ, ಬಲಬದಿಯ ಹಿಂದೆ, ಲಾರಿಯ ಜತೆ ಮೆರವಣಿಗೆ ಹೊರಡಲು ಶಾಲೆಯ ಮಕ್ಕಳು ಸಾಲುಗಟ್ಟುವ ಸದ್ದು ಕೇಳುತ್ತಿತ್ತು. ಒಂದು ಮಗುವೂ ನನಗೆ ಕಾಣಲಿಲ್ಲ. ಲಾರಿಯನ್ನು ಹೊರಡಿಸಲು ನಾನು ಬಿಡಲಿಲ್ಲ. ಅದಕ್ಕಾಗಿ ನನ್ನನ್ನು ಹಠಮಾರಿ ಎಂದು ಮೈಕಿನಲ್ಲಿಯೇ ಕರೆದರು. ಇರಲಿ.

ಸಮಿತಿಯವರೇ, ಆ ಉದ್ದ ಸರಳನ್ನು ಬಿಚ್ಚುವ ಮೊದಲು ನಿಮ್ಮಲ್ಲಿ ಒಬ್ಬರಾದರೂ ಆ ಸೀಟಿನಲ್ಲಿ ಕೂತು ನೋಡಿದ್ದರಾ?